ಕುಳಚ್ಚಲ್‌ನ ಕಂಬದ ಬಳಿ

"ನೀವು ಇಳಿಯುವುದಿಲ್ವಾ ಮಾರಾಯ್ರೆ?"

ಬಸ್ಸಿನ ಬಾಗಿಲಲ್ಲಿ ಕಮಲಾಕ್ಷ ನಿಂತಿದ್ದರು. ಕಾಸರಗೋಡಿನವರು, ಕೊಚ್ಚಿಯಿಂದ ವರ್ಗವಾಗಿ ತಿರುವನಂತಪುರದ ನಮ್ಮ ಬ್ಯಾಂಕಿಗೆ ಈಚೆಗೆ ಬಂದವರು.

೧೯೭೨ರ ಆಫೀಸ್ ಪಿಕ್ನಿಕ್. ಕನ್ಯಾಕುಮಾರಿಗೆ ಹೋಗುವ ಮೊದಲು ಕುಳಚ್ಚಲ್‌ನಲ್ಲಿ ಬಸ್ ನಿಂತಿತ್ತು. ತಿರುವಿತಾಂಕೂರಿನ ಸೈನ್ಯ ಡಚ್ಚರನ್ನು ಸೋಲಿಸಿದ ಜಾಗ. ಕಡಲ ಬದಿಯಲ್ಲಿ ವಿಜಯಸ್ತಂಭವಿದೆ. ಎಲ್ಲರೂ ಇಳಿದಿದ್ದರು. ನನ್ನನ್ನು ಮಾತ್ರ, ಆಫೀಸಿನಲ್ಲಿ ನನಗೆ ಅಕ್ಕನಂತಿದ್ದ ರಾಜಲಕ್ಷ್ಮಿ ಚೇಚಿ, "ಯುದ್ಧದ ಜಾಗ, ನಿನಗೆ ಬೇಡ ಮಗಳೇ" ಎಂದು ಕೂರಿಸಿ ಹೋಗಿದ್ದರು. ಹೊಸಬರಾದ ಕಮಲಾಕ್ಷರಿಗೆ ನನ್ನ ವಿಷಯ ಯಾರೂ ಹೇಳಿರಲಿಲ್ಲ. ನಾನು ಇಳಿದೆ.

ಕಂಬ ನೋಡಿದೆ. ಕಲ್ಲು, ತುದಿಯಲ್ಲಿ ಶಂಖ. ಏನೂ ಅನ್ನಿಸಲಿಲ್ಲ.

"ಇಷ್ಟು ಗಂಭೀರ ಯಾಕೆ? ಡಚ್ಚರು ನಿಮ್ಮ ನೆಂಟರಾ?" ಕಮಲಾಕ್ಷ ಓರೆಗಣ್ಣಲ್ಲಿ ನೋಡಿ ನಕ್ಕರು.

"ನನಗೆ ನಿಶ್ಚಯವಾಗಿದ್ದವರು ಹೋದ ಡಿಸೆಂಬರಿನ ಯುದ್ಧದಲ್ಲಿ ತೀರಿಕೊಂಡ್ರು."

ಅವರ ನಗು ಅಲ್ಲೇ ನಿಂತುಹೋಯಿತು.

"ನಿಶ್ಚಿತಾರ್ಥದ ದಿನ ಒಂದೇ ಸಲ ಎದುರು ಕೂತಿದ್ದು. ನಾನು ತಲೆ ಎತ್ತಲೇ ಇಲ್ಲ. ಮುಖಾನೇ ನೆನಪಿಲ್ಲ. ಈಗ ಮನೇಲಿ ಅರಿಶಿನ ಕುಂಕುಮ ಕೊಡೋವಾಗ ಅಮ್ಮ ನನ್ನ ಮುಂದೆ ಬಂದು ತಡವರಿಸ್ತಾರೆ. ನಾನು ವಿಧವೆ ಅಲ್ಲ, ಮದುವೆಯಾಗದ ಹುಡುಗೀನೂ ಅಲ್ಲ. ಎಲ್ಲರೂ ನಾನು ಅಳಲಿ ಅಂತ ಕಾಯ್ತಾರೆ. ನನಗೆ ಅಳು ಬರಲ್ಲ."

ಹೇಳಿದ ಮೇಲೆ ಹಗುರವೂ ಆಗಲಿಲ್ಲ. ಆದರೆ ಅವರು 'ಅಯ್ಯೋ ಪಾಪ' ಅನ್ನಲಿಲ್ಲ. ಅದು ನನಗೆ ಹಿಡಿಸಿತು.

ಚಪ್ಪಲಿಯಲ್ಲಿ ಮರಳು ಕೆದಕುತ್ತ ಹೇಳಿದರು: "ನನ್ನನ್ನು ಮದುವೆ ಆಗ್ತೀರಾ ಅಂತ ಕೇಳ್ಲಿಕ್ಕೇ ನಿಮ್ಮನ್ನು ಇಲ್ಲಿಗೆ ಕರೆದದ್ದು. ಇನ್ನು ಹೇಗೆ ಕೇಳುವುದು?"

"ಕೇಳಿಬಿಟ್ರಲ್ಲ."

ಅವರ ಕಿವಿ ಕೆಂಪಾಯಿತು. ದೂರದಿಂದ ಚೇಚಿ ಗಾಬರಿಯಲ್ಲಿ ಕೈ ಬೀಸುತ್ತಿದ್ದರು.

"ಸುಳ್ಳು ಹೇಳಲ್ಲ," ಅಂದೆ. "ಪ್ರೀತಿ ಅಂದ್ರೆ ಹೇಗಿರತ್ತೋ ನನಗೀಗ ಗೊತ್ತಾಗ್ತಿಲ್ಲ. ನೀವು ರಜೆ ಹಾಕಿದ ದಿನ ಮಾತ್ರ ನಿಮ್ಮ ಖಾಲಿ ಕುರ್ಚಿ ಕಡೆ ನೋಡ್ತಾ ಇರ್ತೀನಿ. ಅಷ್ಟೇ ಇರೋದು."

"ಅಷ್ಟು ಧಾರಾಳ ಆಯ್ತು. ಉಳಿದದ್ದು ನಿಧಾನಕ್ಕೆ ಬರಲಿ. ಬಾರದಿದ್ರೂ ನಾನು ಎಲ್ಲಿಗೂ ಹೋಗುವುದಿಲ್ಲ."

ಹೋಗುವುದು ಯಾರ ಕೈಯಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಆ ಮಾತು ಬೇಕೆನ್ನಿಸಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಒಂದು ಬೇಕೆನ್ನಿಸಿತು.

ತಲೆ ಎತ್ತಿ ಅವರನ್ನು ನೋಡಿದೆ. ಬಿಸಿಲಿಗೆ ಕಂದಿದ ಮೂಗು, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ನನ್ನ ನೋಟಕ್ಕೆ ನಾಚಿ ಅತ್ತಿತ್ತ ಸರಿಯುವ ಕಣ್ಣು.

"ಎಂತ ನೋಡ್ತೀರಿ?"

"ಸುಮ್ನೆ ನಿಂತ್ಕೊಳ್ಳಿ," ಅಂದೆ. "ಈ ಸಲ ಸರಿಯಾಗಿ ನೋಡ್ಕೊಳ್ತೀನಿ."