ಹಜ್ ಮುದುಕಿಯ ಕಫನ್

"ಭಾವಾ, ಅದು ಕಫನ್! ಚಿನ್ನ ತಗೊಳ್ಳಿ, ಒಂಟೆ ಹೊಡ್ಕೊಂಡ್ಹೋಗಿ. ಹೆಣದ ಬಟ್ಟೆಗೆ ಮಾತ್ರ ಕೈ ಹಾಕ್ಬೇಡಿ."

ಭಾಮೈದ ಧಿಯಾಬ್‌ನ ಮಾತಿಗೆ ಜದಾನ್ ನಕ್ಕುಬಿಟ್ಟ. ಈ ಜದಾನ್ ನಮ್ಮ ವಂಶದ ಮೂಲಪುರುಷ. ಬೇರೆ ಬುಡಕಟ್ಟಿನಿಂದ ಓಡಿಬಂದು, ಮರುಭೂಮಿಯ ನಮ್ಮ ಬುಡಕಟ್ಟಿನಲ್ಲಿ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. 1757ರ ಆ ಮಧ್ಯಾಹ್ನ, ಮೆಕ್ಕಾದಿಂದ ಡಮಾಸ್ಕಸ್‌ಗೆ ಮರಳುತ್ತಿದ್ದ ಯಾತ್ರಿಕರ ಮೇಲೆ ನಮ್ಮವರು ಮುಗಿಬಿದ್ದಿದ್ದರು. ಒಂಟೆಗಳ ಅರಚಾಟ, ಬಿಸಿ ರಕ್ತದ ವಾಸನೆ, ಸೀಳಿದ ಚೀಲಗಳಿಂದ ಚೆಲ್ಲಿದ ಕಾಫಿಬೀಜದ ಪರಿಮಳ ಎಲ್ಲವೂ ಒಂದರೊಳಗೊಂದು ಬೆರೆತಿದ್ದವು.

"ಪುಕ್ಕಲ! ಬಟ್ಟೆಗೇನು ಹಲ್ಲಿದ್ಯೇನೋ?" ಎಂದ ಜದಾನ್.

ಯಾತ್ರಿಕರಲ್ಲಿದ್ದ ಮುದುಕಿಯೊಬ್ಬಳು ಆ ಕಫನಿನ ಗಂಟನ್ನು ಎದೆಗವಚಿಕೊಂಡಳು. "ಮೆಕ್ಕಾದ ಜಮ್‌ಜಮ್ ಬಾವಿ ನೀರಲ್ಲಿ ಅದ್ದಿ ತಂದಿದ್ದೀನಪ್ಪಾ, ನನ್ನ ಮಣ್ಣಿಗೆ ಅಂತ. ಕಿತ್ಕೊಂಡ್ರೆ ಅದು ಖಾಲಿ ಇರಲ್ಲ. ನಿನ್ನ ಮನೇಲೇ ಹೆಣ ಹುಡುಕುತ್ತೆ."

ಅವನು ಕತ್ತಿ ಬೀಸಿದ. ಬೆರಳುಗಳು ಉದುರಿದ ಮೇಲೆಯೇ ಅವಳು ಗಂಟು ಬಿಟ್ಟಿದ್ದು.

ಸಂಜೆ ಡೇರೆಯಲ್ಲಿ ಬಿಚ್ಚಿದರೆ, ಕಫನ್ ಸರಿಯಾಗಿ ಅವನದೇ ಉದ್ದಕ್ಕಿತ್ತು. ಆ ಮುದುಕಿಯೋ ಅವನ ಭುಜಕ್ಕೂ ಬರುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹೆಂಡತಿ ಫಿದ್ದಾಳಿಗೆ ಹೆರಿಗೆ ನೋವು ಶುರುವಾಯಿತು. ಬಟ್ಟೆ ಅವಳ ಉದ್ದಕ್ಕೆ ಇಳಿದಿತ್ತು. ಮಧ್ಯಾಹ್ನ ನೋಡಿದ. ಒಂದೇ ಮೊಳ.

ಅದು ಕೂಸಿನ ಅಳತೆ.

"ಕೂಸು ಹೊರಗೆ ಬರ್ತಿಲ್ಲ ಭಾವಾ," ಎಂದ ಧಿಯಾಬ್. "ಅಕ್ಕನ ದನಿಯೂ ಅಡಗ್ತಾ ಇದೆ."

ಜದಾನ್ ಕಫನ್ ಹಿಡಿದು ಒಂಟೆಯೇರಿ ಲೂಟಿಯ ಜಾಗಕ್ಕೆ ಧಾವಿಸಿದ. ರಣಹದ್ದುಗಳು ಸರಿದು ದಾರಿಬಿಟ್ಟವು. ಕೊಳೆತ ನಾತ ಹಬ್ಬಿತ್ತು. ಮುದುಕಿಯ ಹೆಣವನ್ನು ಹುಡುಕಿ, ಗುಂಡಿ ತೋಡಿ ಮಲಗಿಸಿದ. ಕಫನ್ ಹೊದಿಸಿದ. ಅದು ಅವಳ ಎದೆಯನ್ನೂ ಮುಚ್ಚಲಿಲ್ಲ. ಎಳೆದ. ಬಟ್ಟೆ ಜಗ್ಗಲಿಲ್ಲ. ಬೆಚ್ಚಗಾಯಿತು. ಉಸಿರಾಡಿತು.

ಖಾಲಿ ಇರಲ್ಲ, ನಿನ್ನ ಮನೇಲೇ ಹೆಣ ಹುಡುಕುತ್ತೆ ಅಂದಿದ್ದಳು. ಹಾಗಾದರೆ ಕೂಸಿನ ಬದಲು ತನ್ನ ಮೈಯದೇ ಒಂದು ಮೊಳ.

ಎಡಗೈಯನ್ನು ಕಲ್ಲಿನ ಮೇಲಿಟ್ಟು ಕತ್ತಿ ಎತ್ತಿದ. ಒಂದೇಟು. ಮೂಳೆ ತಡೆಯಿತು. ಇನ್ನೊಂದೇಟು. ಕಿರುಚಿದ. ಮತ್ತೊಂದು. ಮೊಣಕೈಯಿಂದ ಕೆಳಗೆ ಕಡಿದುಬಿತ್ತು. ಅದನ್ನೇ ಕಫನಿನಲ್ಲಿ ಸುತ್ತಿದ. ಅಳತೆ ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗಲಿಲ್ಲ. ಮುದುಕಿಯ ಪಕ್ಕದಲ್ಲಿಟ್ಟು ಮಣ್ಣೆಳೆದ. ಬೆನ್ನಟ್ಟಿ ಬಂದ ಧಿಯಾಬ್, ಮೊಂಡುಗೈಗೆ ಹಗ್ಗ ಬಿಗಿದು ಅವನನ್ನು ಹೊತ್ತು ತಂದ.

ಡೇರೆಯೊಳಗೆ ಕೂಸು ಅಳುತ್ತಿತ್ತು.

"ಹೆಣ್ಣು," ಎಂದಳು ಫಿದ್ದಾ, ಕ್ಷೀಣವಾಗಿ. "ಹೆಸರು ನೀವೇ ಹೇಳಿ."

ಆ ಮುದುಕಿಯ ಹೆಸರೇ ಇಡಬೇಕು ಎಂದು ಜದಾನ್ ಬಾಯಿ ತೆರೆದ. ಅವಳ ಹೆಸರನ್ನು ಅವನು ಕೇಳಿರಲೇ ಇಲ್ಲ.