ಹಾಜರಿಯ ಮೊದಲ ಹೆಸರು

“ಮೊದ್ಲು ಹುಲಿಯಮ್ಮನ ಹೆಸ್ರು ಹಾಕ್ಕಳಿ ಸಾರ್. ಮಿಕ್ಕೋರ್ದು ಆಮೇಲೆ.”

ರೈಟರ್ ಶಾಂತಮಲ್ಲಪ್ಪ ಹಾಜರಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹೆತ್ತೂರಿನಾಚೆಯ ಆ ಕಾಫಿ ಎಸ್ಟೇಟಿನ ಹಾಜರಿಯನ್ನು ಕಂಪ್ಯೂಟರಿಗೆ ಏರಿಸಲು ಹಾಸನದಿಂದ ಬಂದಿದ್ದ ಪ್ರತಾಪ್ ಪುಟ ತಿರುವಿದ. ಎಲ್ಲ ಪುಟದಲ್ಲೂ ಮೊದಲ ಹೆಸರು ಅವಳದೇ.

“ಎಲ್ಲಿ, ಕರೀರಿ ಅವರನ್ನ.”

“ಸತ್ತು ಇಪ್ಪತ್ತೆರಡು ವರ್ಷ ಆಯ್ತು.” ರೈಟರ್ ದನಿ ತಗ್ಗಿಸಿದರು. “ಜ್ವರ ಬಂದು ಆಳುಗಳ ಲೈನ್ ಮನೇಲಿ ಮಲಗಿದ್ಲು. ಆಗಿನ ರೈಟರ್ ಹೆಸ್ರು ಹೊಡ್ದಾಕ್ಬುಟ್ಟ. ಸಾಯೋಕೆ ಮುಂಚೆ ಈ ಅಂಗಳದಲ್ಲೇ ಕರೀಕೋಳಿ ಕೊಯ್ದು ಮಾಟ ಮಾಡಿದ್ಲು. ಅವ್ಳ ಹೆಸ್ರು ತೆಗುದ್ರೆ ಇನ್ನೊಬ್ರು ಹೋಯ್ತಾರೆ. ಅದ್ಕೇ ದಿನಾ ಕೂಗ್ತೀವಿ, ‘ಅವ್ಳೆ, ಇಲ್ಲೇ ಅವ್ಳೆ’ ಅಂತ ನಾವೇ ಓಗೊಡ್ತೀವಿ.”

“ಸತ್ತೋರಿಗೆ ಹಾಜರಿ ಹಾಕೋಕೆ ಇದೇನು ಯಮನ ಆಫೀಸಾ ಮಾರಾಯ್ರೇ?” ಎಂದು ಪ್ರತಾಪ್ ನಕ್ಕ. ನಾಲ್ಕಕ್ಷರ ಹೆಚ್ಚು ಕಲಿತವರ ನಗು ಯಾವಾಗಲೂ ಸ್ವಲ್ಪ ಜೋರೇ.

ಅವನು ಹುಲಿಯಮ್ಮನನ್ನು ಬಿಟ್ಟು ಅರವತ್ತೆರಡು ಆಳುಗಳ ಹೆಸರು ತುಂಬಿದ. ಪ್ರೋಗ್ರಾಂ ಸರಿಯಿದೆಯೇ ನೋಡಲು ಎಂದಿನ ಅಭ್ಯಾಸದಂತೆ ಕೊನೆಗೆ ತನ್ನ ಮೂರು ವರ್ಷದ ಮಗಳು ಶೃತಿಯ ಹೆಸರನ್ನೂ ಸೇರಿಸಿದ. ಒಟ್ಟು ಅರವತ್ತಮೂರು. ಪರದೆ ಅರವತ್ತನಾಲ್ಕು ಎಂದಿತು.

ಎರಡು ದಿನ ತಪ್ಪು ಹುಡುಕಿದ. ಒಂದೊಂದು ಸಾಲನ್ನೂ ನಿಲ್ಲಿಸಿ ನಿಲ್ಲಿಸಿ ಓಡಿಸಿದ. ನೋಡುತ್ತ ಕುಳಿತರೆ ಸರಿ, ಕಣ್ಣು ಆಚೆ ತಿರುಗಿಸಿದರೆ ತಪ್ಪು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು. ಹೊರಗೆ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಹುಳಿನಾತ, ಒಳಗೆ ಬಿಸಿಯಾದ ಯಂತ್ರದ ವಾಸನೆ. ಇವೆರಡರ ನಡುವೆ ಮತ್ತೊಂದು ವಾಸನೆ, ಸುಟ್ಟ ಕೋಳಿಪುಕ್ಕದ್ದು, ಆಗಾಗ ಬಂದು ಹೋಗುತ್ತಿತ್ತು. ಮೂರನೇ ದಿನ ಪಟ್ಟಿಯ ತಲೆಯಲ್ಲಿ ತಾನು ಬರೆಯದ ಹೆಸರು ಕಂಡಿತು. ಹುಲಿಯಮ್ಮ.

ರೈಟರ್ ಮುದುಕನದೇ ಕಿತಾಪತಿ ಎಂದುಕೊಂಡು ಅಳಿಸಿದ. ಅರವತ್ತಮೂರು! ಕುಣಿಯುವಷ್ಟು ಖುಷಿಯಾಯಿತು. ಆದರೆ ಹುಲಿಯಮ್ಮ ತಲೆಯಲ್ಲೇ ಇದ್ದಳು. ಇಲ್ಲದ್ದು ಕುಳ್ಳಯ್ಯ ಎಂಬ ಆಳಿನ ಹೆಸರು.

ಅಷ್ಟರಲ್ಲಿ ತೋಟದಿಂದ ಹೆಂಗಸರ ಚೀತ್ಕಾರ ಕೇಳಿತು. ಮೆಣಸು ಕೊಯ್ಯುತ್ತಿದ್ದ ಕುಳ್ಳಯ್ಯ ಏಣಿಯಿಂದ ಬಿದ್ದು ಸತ್ತಿದ್ದ.

ಪ್ರತಾಪ್ ಅದನ್ನು ಕಾಕತಾಳೀಯ ಎಂದುಕೊಂಡ. ಹೆದರಿದನೆಂದು ಒಪ್ಪಿಕೊಳ್ಳುವುದಕ್ಕಿಂತ ಕಡತ ಕೆಟ್ಟಿದೆ ಎನ್ನುವುದು ಅವನಿಗೆ ಸುಲಭವಾಗಿತ್ತು. ಮರುದಿನ ಹಾಜರಿ ಕೂಗುವ ಮೊದಲೇ ಕುಳಿತು ಹುಲಿಯಮ್ಮನ ಹೆಸರನ್ನು ಬೇರುಸಹಿತ ಕಿತ್ತುಹಾಕಿದ.

ಅರವತ್ತೆರಡು. ತಲೆಯಲ್ಲಿ ಹುಲಿಯಮ್ಮ. ಕೊನೆಯ ಸಾಲು ಖಾಲಿ. ಅಲ್ಲಿದ್ದದ್ದು ಶೃತಿಯ ಹೆಸರು.

ಫೋನ್ ಬಡಿದುಕೊಂಡಿತು. ಹೆಂಡತಿ ನೇತ್ರಾವತಿ. “ರೀ, ಮಗು ಕಣ್ಣು ಮೇಲೆ ಮಾಡ್ಬುಟ್ಟಿದೆ! ಉಸಿರೇ ಸಿಗ್ತಿಲ್ಲ ಅಂತಾರೆ ಡಾಕ್ಟ್ರು!”

ಶೃತಿ ಎಂದು ಬರೆದ. ಅಳಿಸಿಹೋಯಿತು. ಮತ್ತೆ ಬರೆದ. ಮತ್ತೆ ಅಳಿಸಿಹೋಯಿತು. ಕರೆಂಟು ಹೋಯಿತು. ಪರದೆ ಆರಲಿಲ್ಲ. ಪುಕ್ಕದ ನಾತ ಮೂಗಿಗೆ ಅಡರಿತು. ಅವನು ಹೊರಗೆ ಓಡಿದ. ಅಂಗಳದ ಮಂಜಿನಲ್ಲಿ ಆಳುಗಳೆಲ್ಲ ಹಾಜರಿಗೆ ನಿಂತಿದ್ದರು.

“ನೀವು ಕೂಗಿ! ನನ್ನ ಮಗಳು ಸಾಯ್ತಿದಾಳೆ!” ಎಂದು ಶಾಂತಮಲ್ಲಪ್ಪನವರ ಕೈ ಹಿಡಿದ.

“ನಾನು ಕೂಗುದ್ರೆ ನಡ್ಯಾಕಿಲ್ಲ ಸಾರ್. ತೆಗೆದೋರೇ ಕೂಗ್ಬೇಕು, ತೆಗೆದೋರೇ ಓಗೊಡ್ಬೇಕು. ಅವ್ಳೇ ಹೇಳಿದ್ದು. ಏನಾಯ್ತದೋ ಗೊತ್ತಿಲ್ಲ, ಯಾರೂ ಮಾಡಿಲ್ಲ.”

“ಹುಲಿಯಮ್ಮಾ!” ಎಂದು ಪ್ರತಾಪ್ ಕೂಗಿದ.

ಗಂಟಲಲ್ಲಿ ಏನೋ ಹರಿದಾಡಿತು. ತಣ್ಣಗೆ. ‘ಅವ್ಳೆ’ ಎನ್ನಲು ಬಾಯಿ ತೆರೆದ.

“ಬಂದಿವ್ನಿ ಕಣ್ರಪ್ಪಾ.”

ಅವನ ಬಾಯಿಂದ ಬಂದದ್ದು ಜ್ವರದಿಂದ ಒಣಗಿದ ಹೆಂಗಸಿನ ದನಿ. ಗಂಗಾಮಣಿ ಎಂಬ ಹಳೆಯ ಆಳು ಕುಸಿದು ಕುಳಿತಳು. ಆ ದನಿಯನ್ನು ಅವಳು ಗುರುತಿಸಿದ್ದಳು.

ಒಳಗೆ ಫೋನ್ ಬಂತು. ಮಗು ಕಣ್ಣು ಬಿಟ್ಟು ನೀರು ಕೇಳಿತಂತೆ. ಪ್ರತಾಪ್ ಮಾತಾಡದೆ ರಿಸೀವರ್ ಹಿಡಿದು ಬಿಕ್ಕಳಿಸಿ ಅತ್ತ. ಬಸ್ಸು ಹತ್ತಿ ಹಾಸನ ಸೇರುವವರೆಗೂ ತುಟಿ ಬಿಚ್ಚಲಿಲ್ಲ.

ಆಸ್ಪತ್ರೆಯ ಮಂಚದ ಮೇಲಿದ್ದ ಶೃತಿ ಅವನನ್ನು ಕಂಡು ಎರಡೂ ಕೈ ಚಾಚಿ “ಅಪ್ಪಾ!” ಎಂದಳು. ಅವನಿಗೆ ತಡೆಯಲಾಗಲಿಲ್ಲ.

“ಬಂದೆ ಕಣವ್ವಾ,” ಎಂದಿತು ಹುಲಿಯಮ್ಮನ ದನಿ.

ಮಗು ಚಾಚಿದ ಕೈ ಹಿಂದಕ್ಕೆಳೆದುಕೊಂಡಿತು. ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, ಅಪ್ಪ ಎಲ್ಲಿ ಎಂದು ಅಳತೊಡಗಿತು.