ಹೊಸ್ತಿಲ ಮೇಲಿನ ಕಾಯಿ

ಹೊನ್ನವಳ್ಳಿಯ ಚಿಕ್ಕಗೌರಮ್ಮ ತಂಗಿಯ ಮನೆಯಿಂದ ಮರಳಿದಾಗ ತೋಟದಲ್ಲಿ ಹದಿನಾಲ್ಕು ತೆಂಗಿನ ಮರಗಳು ಉರುಳಿಬಿದ್ದಿದ್ದವು. ಅತ್ತೆ ನೆಟ್ಟ ಮರಗಳು. ಒಂದಕ್ಕೂ ರೋಗವಿರಲಿಲ್ಲ. ಆದರೆ ಅಣಬೆ ರೋಗ ತಗುಲಿ ಮರ ಕಡಿಸಬೇಕಾದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆಳುಗಳು ಬಂದು ಕಡಿದು ಹೋಗಿದ್ದರು.

ಪಟ್ಟಿ ಬಂದದ್ದು ತಿಪಟೂರಿನ ಬೆಳೆಗಾರರ ಸಂಘದ ಕಂಪ್ಯೂಟರಿನಿಂದ. ೧೯೮೮ರ ಮಾತು. ಉಗ್ರಾಣದ ಜೊತೆಗೆ ಅದನ್ನೂ ನೋಡಿಕೊಳ್ಳುತ್ತಿದ್ದವನು ತಿಪ್ಪಯ್ಯ. ಅವನಿಗೂ ಚಿಕ್ಕಗೌರಮ್ಮನಿಗೂ ಹಳೆಯ ಬೇಲಿ ಜಗಳವಿತ್ತು. ಊರಿಗೆ ಇನ್ನೇನು ಬೇಕು? ಹಗೆ ತೀರಿಸಿಕೊಂಡ ಎಂದರು. ಸಂಘ ಅವನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿತು. ತಿಪ್ಪಯ್ಯ ಮಾತು ಬಿಟ್ಟ, ಊಟ ಬಿಟ್ಟ, ಎರಡು ತಿಂಗಳಿಗೆ ಎದೆನೋವು ಬಂದು ಹೋಗಿಬಿಟ್ಟ.

ಅವನ ಹೆಂಡತಿ ರಾಮಲಕ್ಷ್ಮಮ್ಮ ಸಂಘದ ಮೆಟ್ಟಿಲ ಮೇಲೆ ಬಂದು ಕೂತಳು. ಗಂಡ ತಪ್ಪು ಮಾಡಿದ್ದನೋ ಇಲ್ಲವೋ, ಅಷ್ಟು ತಿಳಿಯುವವರೆಗೆ ಏಳುವುದಿಲ್ಲ ಎಂದಳು. ಅಧ್ಯಕ್ಷರು ಬೆಂಗಳೂರಿನಿಂದ ಏಕಾಂತಯ್ಯನನ್ನು ಕರೆಸಿದರು. ಆ ಯಂತ್ರದ ಡಿಸ್ಕ್ ನಡೆಸುವ ಪ್ರೋಗ್ರಾಂ ಬರೆದವನು ಅವನೇ. ಯಂತ್ರ ತಪ್ಪು ಮಾಡುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ.

*

ಕರೆಂಟು ಹೋಗಿತ್ತೇ? ವಿವರ ಹಾಕಿದ ದಿನ ಹೋಗಿರಲಿಲ್ಲ. ಹೊರಗಿನವರು ಮುಟ್ಟಿದರೇ? ಬೀಗದ ಕೈ ತಿಪ್ಪಯ್ಯನ ಸೊಂಟದಲ್ಲೇ ಇತ್ತು. ಎಲ್ಲ ದಾರಿಯೂ ಸತ್ತವನ ಮನೆಗೇ ಹೋಗುತ್ತಿತ್ತು.

ಆಮೇಲೆ ಏಕಾಂತಯ್ಯ ಚಿಕ್ಕಗೌರಮ್ಮನ ದಾಖಲೆಯನ್ನು ಅಕ್ಷರ ಅಕ್ಷರ ಅಚ್ಚು ಹಾಕಿಸಿದ. ಮೊದಲರ್ಧ ಅವಳದೇ. ಒಂದು ಪದದ ನಡುವೆ ಅದು ತುಂಡಾಗಿ, ಶೆಟ್ಟಿಕೆರೆಯ ಜವರಪ್ಪನ ರೋಗದ ತೋಟದ ವಿವರ ಅಂಟಿಕೊಂಡಿತ್ತು. ಹಗೆಯಿಂದ ತಿದ್ದುವವನು ಪದವನ್ನು ಅರ್ಧಕ್ಕೆ ಬಿಡುತ್ತಾನೆಯೇ?

ಟೈಪು ಮಾಡುವ ಮೀನಾಕ್ಷಮ್ಮನನ್ನು ಕೇಳಿದ. ಆ ದಿನ ತಿಪ್ಪಯ್ಯ ಒಂದು ಪರದೆಯಲ್ಲಿ ಚಿಕ್ಕಗೌರಮ್ಮನದನ್ನೂ, ನಾನು ಇನ್ನೊಂದರಲ್ಲಿ ಜವರಪ್ಪನದನ್ನೂ ಹಾಕುತ್ತಿದ್ದೆವು, ಉಳಿಸುವ ಕೀಲಿಯನ್ನು ಬಹುಶಃ ಒಟ್ಟಿಗೇ ಒತ್ತಿದೆವು ಎಂದಳು.

ಏಕಾಂತಯ್ಯ ಎದ್ದು ಉಗ್ರಾಣಕ್ಕೆ ಹೋದ. ಅಟ್ಟದ ಗೂಡುಗಳಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿಗಳು. ಒಂದು ಗೂಡಿನ ಹೊಸ್ತಿಲ ಮೇಲೆ ಒಂಟಿ ಕಾಯಿ ಕೂತಿತ್ತು. ಇದೇಕೆ ಎಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ರಾಮಲಕ್ಷ್ಮಮ್ಮನನ್ನು ಕೇಳಿದ.

“ನಮ್ಮೋರು ಮಾಡಿದ್ದು ಕಣಪ್ಪ. ಆಳು ಇನ್ನೂ ಕಾಯಿ ಇಳಿಸ್ತಿರೋವಾಗ್ಲೇ ಗೂಡು ಖಾಲಿ ಅಂತ ಇನ್ನೊಬ್ರು ತಂದು ಸುರಿದ್ರೆ ಬೆರೆತೋಯ್ತವೆ. ಕೊನೇ ಕಾಯಿ ಇಳಿಯೋಗಂಟ ಇದನ್ನ ಎತ್ತಂಗಿಲ್ಲ.”

ಏಕಾಂತಯ್ಯ ಕಂಪ್ಯೂಟರಿನ ಕೋಣೆಗೆ ವಾಪಸು ಹೋದ. ತಾನೇ ಬರೆದ ಪ್ರೋಗ್ರಾಂ ತೆರೆದು ಓದುತ್ತ ಕೂತ.

*

ಮರುದಿನ ಸಂಘದ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕಗೌರಮ್ಮನೂ ಬಂದಿದ್ದಳು.

“ತಪ್ಪು ನಂದು,” ಎಂದ ಏಕಾಂತಯ್ಯ. ಬಿಡಿಸಿ ಹೇಳಿದ. ಟೈಪು ಮಾಡಿದ್ದನ್ನು ಯಂತ್ರ ಮೊದಲು ನೆನಪಿನ ಗೂಡಿನಲ್ಲಿ ಇಡುತ್ತದೆ, ಅಲ್ಲಿಂದ ಡಿಸ್ಕಿಗೆ ಸಾಗಿಸುತ್ತದೆ. ಸಾಗಣೆ ಮುಗಿಯುವ ಮೊದಲೇ ಅವನ ಪ್ರೋಗ್ರಾಂ ಗೂಡು ಖಾಲಿ ಎಂದು ಸಾರಿತ್ತು. ಅದೇ ಗೂಡಿಗೆ ಜವರಪ್ಪನ ವಿವರ ಬಂದು ಬಿತ್ತು. ಅರ್ಧ ಚಿಕ್ಕಗೌರಮ್ಮನದು, ಅರ್ಧ ಜವರಪ್ಪನದು ಡಿಸ್ಕಿಗೆ ಹೋಯಿತು. ಈಗ ಅಲ್ಲೂ ಒಂದು ಗುರುತು ಇಟ್ಟಿದ್ದ. ಕೊನೆಯ ಅಕ್ಷರ ಸಾಗುವವರೆಗೆ ಗೂಡು ಬೇರೆಯವರಿಗಿಲ್ಲ.

ಚಿಕ್ಕಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಿಪ್ಪಯ್ಯನ ಮಣ್ಣಿಗೆ ಅವಳು ಹೋಗಿರಲಿಲ್ಲ.

ರಾಮಲಕ್ಷ್ಮಮ್ಮ ಮಡಿಸಿದ ಕಾರ್ಡೊಂದನ್ನು ಮುಂದೆ ಹಿಡಿದಳು. ಯುಗಾದಿಯ ಹೊತ್ತಿಗೆ, ಮರ ಬೀಳುವ ನಾಲ್ಕು ತಿಂಗಳ ಮೊದಲು ತಿಪ್ಪಯ್ಯ ಬೆಂಗಳೂರಿಗೆ ಬರೆದು ಕೇಳಿದ್ದ: ಇಬ್ಬರು ಒಟ್ಟಿಗೆ ಒತ್ತಿದರೆ ವಿವರ ಬೆರೆಯುವಂತಿದೆ, ನೋಡಿ. ಅದಕ್ಕೆ ಬಂದ ಉತ್ತರವೇ ಆ ಕಾರ್ಡು. ಒಂದೇ ಸಾಲು. ಯಂತ್ರ ಬೆರೆಸುವುದಿಲ್ಲ, ನೀವು ಸರಿಯಾಗಿ ಟೈಪು ಮಾಡಿ. ಕೆಳಗೆ ಏಕಾಂತಯ್ಯನ ಸಹಿ.

“ಸರಿ ಮಾಡಕ್ಕೆ ಎಷ್ಟೊತ್ತು ಹಿಡೀತಪ್ಪ?” ಎಂದು ಕೇಳಿದಳು.

ಅವನು ತಲೆ ಎತ್ತಲಿಲ್ಲ.

“ಹತ್ತು ನಿಮಿಷ, ತಾಯಿ.”